ಕಡಲಾಚೆಯಿಂದ ಬಂದ ಫೋಟೊಗಳು, ಕಾರ್ಡುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಭಟ್ಕಳ, ಕಾರವಾರದ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದಿಂದ ಟ್ರಂಕು ಇಳಿಸಿದರೆ ರಂಗೂನು, ಮೊಂಬಾಸಾ, ಕರಾಚಿ, ಕೊಲಂಬೊ, ಬಹ್ರೇನ್‌ಗಳ ಮುದ್ರೆ ಹೊತ್ತ ಕಾರ್ಡುಗಳು ಸಿಗುವುದು ಅಪರೂಪವೇನಲ್ಲ. ಜೊತೆಗೆ ದಪ್ಪ ರಟ್ಟಿಗೆ ಅಂಟಿಸಿದ ಸ್ಟುಡಿಯೊ ಫೋಟೊಗಳೂ ಇರುತ್ತವೆ. ಅವನ್ನು ಕೈಯಲ್ಲಿ ಹಿಡಿದು "ಇವರು ಯಾರು, ಇದು ಯಾವಾಗಿನದು, ಅವರ ಮಕ್ಕಳು ಈಗ ಎಲ್ಲಿದ್ದಾರೆ" ಎಂದು ಕೇಳುವವರಿಗಾಗಿ ಈ ಪುಟ. ನನ್ನದೊಂದು ಪಕ್ಷಪಾತ ಉತ್ತರಗಳ ಉದ್ದಕ್ಕೂ ಕಾಣುತ್ತದೆ, ಮೊದಲೇ ಹೇಳಿಬಿಡುತ್ತೇನೆ: ಫೋಟೊದ ಎದುರಿಗಿಂತ ಅದರ ಬೆನ್ನಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಟ್ರಂಕು ತೆರೆದಿದ್ದೇವೆ. ಮೊದಲು ಏನು ಮಾಡಬೇಕು?

ವಿಂಗಡಿಸಲು ಹೋಗಬೇಡಿ. ಯಾವ ಕಾರ್ಡು ಯಾವ ಲಕೋಟೆಯಲ್ಲಿತ್ತು, ಯಾವ ಕಟ್ಟಿನಲ್ಲಿ ಯಾವ ಫೋಟೊ ಸೇರಿತ್ತು ಎಂಬುದೇ ಒಂದು ಸಾಕ್ಷಿ. ಇದ್ದ ಹಾಗೆಯೇ, ಪದರ ಪದರವಾಗಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಆಮೇಲೆ ಸ್ಕ್ಯಾನರ್ ಹುಡುಕಬೇಡಿ, ಮನೆಯ ಹಿರಿಯರನ್ನು ಹುಡುಕಿ. ಸ್ಕ್ಯಾನರ್ ಮುಂದಿನ ವರ್ಷವೂ ಸಿಗುತ್ತದೆ.

ಹಿರಿಯರ ಮುಂದೆ ಫೋಟೊ ಹಿಡಿದು "ಇದು ಯಾರು ಅಜ್ಜಿ?" ಎಂದು ಕೇಳಿದರೆ "ಗೊತ್ತಿಲ್ಲ ಮಗಾ, ಕಣ್ಣು ಕಾಣುವುದಿಲ್ಲ" ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. "ಈ ಜಗಲಿ ಯಾರ ಮನೆಯದು? ದೊಡ್ಡಪ್ಪ ಯಾಕೆ ಇದರಲ್ಲಿ ಇಲ್ಲ? ಆ ಸರ ಈಗ ಯಾರ ಹತ್ತಿರ ಇದೆ?" ಎಂದು ಕೇಳಿ ನೋಡಿ. ಒಡವೆಯ ಪ್ರಶ್ನೆಗೆ ಉತ್ತರ ಬಾರದ ಮನೆ ಕಡಿಮೆ. ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ.

ಬರೆದುಕೊಳ್ಳುವಾಗ ಒಂದು ಎಚ್ಚರ ಬೇಕು. "ಮೊಂಬಾಸಾ ಮಾವ" ಎಂದಷ್ಟೇ ಬರೆದರೆ ಇಪ್ಪತ್ತು ವರ್ಷದ ನಂತರ ಓದುವವರಿಗೆ ಅದು ಯಾರಿಗೆ ಮಾವ ಎಂದು ತಿಳಿಯುವುದಿಲ್ಲ. ಹೇಳಿದವರು ಯಾರು, ಅವರಿಗೆ ಇವರು ಏನಾಗಬೇಕು, ತಾಯಿಯ ಕಡೆಯೋ ತಂದೆಯ ಕಡೆಯೋ ಎಂಬುದನ್ನೂ ಸೇರಿಸಿ.

ಕಾರ್ಡಿನಲ್ಲಿ ತಾರೀಕು ಇಲ್ಲ, ಮುದ್ರೆ ಅಳಿಸಿದೆ. ಕಾಲ ಹೇಗೆ ಹೇಳುವುದು?

ಭಾರತದಲ್ಲಿ ಪೋಸ್ಟ್ ಕಾರ್ಡ್ ಬಂದದ್ದು 1879ರ ಜುಲೈ 1ರಂದು, ಕಾಲಾಣೆ ಬೆಲೆಗೆ. ಜಗತ್ತಿನ ಮೊದಲ ಕಾರ್ಡು ಆಸ್ಟ್ರಿಯಾ-ಹಂಗೇರಿಯಲ್ಲಿ ಹೊರಟದ್ದು ಅದಕ್ಕಿಂತ ಹತ್ತು ವರ್ಷ ಮೊದಲು. ಚಿತ್ರವಿರುವ ಕಾರ್ಡುಗಳಲ್ಲಿ ಮೊದಮೊದಲು ಬೆನ್ನಿನ ಇಡೀ ಭಾಗ ವಿಳಾಸಕ್ಕೇ ಮೀಸಲು. ಒಕ್ಕಣೆಯನ್ನು ಚಿತ್ರದ ಅಂಚಿನಲ್ಲಿ ತುರುಕಬೇಕಾಗಿತ್ತು. ನಡುವೆ ಗೆರೆ ಎಳೆದು ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎಂಬ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ, ಅಮೆರಿಕದಲ್ಲಿ 1907ರಲ್ಲಿ ಬಂತು. ಹೀಗಾಗಿ ಗೆರೆ ಇಲ್ಲದ ಚಿತ್ರದ ಕಾರ್ಡು ಸಿಕ್ಕರೆ ಅದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಆರಂಭದ್ದು ಅಥವಾ ಇನ್ನೂ ಹಳೆಯದು.

ಅಂಚೆಚೀಟಿಯ ರಾಜನ ಮುಖ ಎಲ್ಲರಿಗೂ ಗೊತ್ತಿರುವ ಗುರುತು. ಅದಕ್ಕಿಂತ ಚೀಟಿಯ ಮೇಲಿನ ಅಕ್ಷರಗಳು ಹೆಚ್ಚು ಹೇಳುತ್ತವೆ. ಬರ್ಮಾ 1937ರ ಏಪ್ರಿಲ್ 1ರಂದು ಭಾರತದಿಂದ ಆಡಳಿತದಲ್ಲಿ ಬೇರೆಯಾಯಿತು. ಅಲ್ಲಿಯವರೆಗೆ ರಂಗೂನಿನಿಂದ ಬಂದ ಕಾರ್ಡಿಗೂ ಮಂಗಳೂರಿನ ಕಾರ್ಡಿಗೂ ಒಂದೇ ಚೀಟಿ. ಆ ವರ್ಷ ಭಾರತದ ಚೀಟಿಯ ಮೇಲೆಯೇ 'ಬರ್ಮಾ' ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿದರು. ಭಾರತದ ಚೀಟಿಯ ಮೇಲೆ 'ಬಹ್ರೇನ್' ಎಂದಿದ್ದರೆ 1933 ಅಥವಾ ಅದರ ನಂತರದ್ದು. ಜಿರಾಫೆಯ ತಲೆ ಇರುವ, ಪೂರ್ವ ಆಫ್ರಿಕಾದ ಟಾಂಗನಿಕಾದ ಚೀಟಿ 1922ರ ನಂತರದ್ದು. ಕೀನ್ಯಾ, ಉಗಾಂಡಾ, ಟಾಂಗನಿಕಾ ಮೂರೂ ಹೆಸರು ಒಟ್ಟಿಗಿದ್ದರೆ 1935ರ ನಂತರದ್ದು.

ಚೀಟಿಯನ್ನು ಯಾರೋ ಹುಡುಗ ಕಿತ್ತುಕೊಂಡಿದ್ದಾನೆ ಎನ್ನೋಣ (ಎಲ್ಲ ಮನೆಯಲ್ಲೂ ಒಬ್ಬ ಇರುತ್ತಾನೆ). ಆಗ ವಿಳಾಸ ನೋಡಿ. 'ಸೌತ್ ಕೆನರಾ, ಮದ್ರಾಸ್' ಎಂದಿದ್ದರೆ 1956ರ ನವೆಂಬರಿಗಿಂತ ಮೊದಲು. 'ಮೈಸೂರು ರಾಜ್ಯ' ಎಂದು ಮಂಗಳೂರಿಗೆ ಬರೆದಿದ್ದರೆ 1956ರಿಂದ 1973ರ ಒಳಗೆ. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ಕಾರ್ಡಿನ ಬೆಲೆ 'ನಯಾ ಪೈಸೆ'ಯಲ್ಲಿದ್ದರೆ ಅದು 1957ಕ್ಕೂ 1964ಕ್ಕೂ ನಡುವೆ ಅಚ್ಚಾದದ್ದು. ಜನ ಹಳೆಯ ಹೆಸರುಗಳನ್ನು ಅಭ್ಯಾಸಬಲದಿಂದ ವರ್ಷಗಟ್ಟಲೆ ಬರೆಯುತ್ತಾರೆ. ಆದ್ದರಿಂದ ಹೊಸ ಹೆಸರು ಖಚಿತವಾದ ಸಾಕ್ಷಿ, ಹಳೆಯ ಹೆಸರು ಬರಿಯ ಸೂಚನೆ.

ವಿಮಾನ ಅಂಚೆಯ ನೀಲಿ ಲೇಬಲ್ ಇದ್ದರೆ ಇನ್ನೊಂದು ಗುರುತು ಸಿಕ್ಕಿತು. 1932ರ ಅಕ್ಟೋಬರ್ 15ರಂದು ಟಾಟಾ ಅವರ ಪುಟ್ಟ ವಿಮಾನ ಕರಾಚಿಯಿಂದ ಮುಂಬಯಿಗೆ ಅಂಚೆ ತಂದಿತು. ಅಲ್ಲಿಂದ ಅದು ಬಳ್ಳಾರಿಯ ಮೂಲಕ ಮದ್ರಾಸಿಗೆ ಹೋಯಿತು. ಅದಕ್ಕೂ ಮೊದಲು ಆಚೆಯ ಕಾಗದ ನಮ್ಮ ಕಡೆಗೆ ಬರುತ್ತಿದ್ದದ್ದು ಹೆಚ್ಚಾಗಿ ಹಡಗು, ರೈಲು, ಕೊನೆಗೆ ಅಂಚೆಯವನ ಚೀಲದಲ್ಲಿ. ಮುದ್ರೆ ಓದಲು ಬಂದರೆ ಎರಡನ್ನೂ ಓದಿ: ಕಳಿಸಿದ ಊರಿನದು ಒಂದು, ತಲುಪಿದ ಊರಿನದು ಇನ್ನೊಂದು. ಎರಡರ ನಡುವಿನ ದಿನಗಳನ್ನು ಎಣಿಸಿದರೆ ಅದು ಹಡಗಿನಲ್ಲಿ ಬಂತೋ ವಿಮಾನದಲ್ಲೋ ಎಂದು ತಿಳಿಯುತ್ತದೆ.

ಸ್ಟುಡಿಯೊ ಫೋಟೊದಲ್ಲಿ ಅಜ್ಜ ಕೋಟು, ಟೈ, ಕೈಗಡಿಯಾರದಲ್ಲಿದ್ದಾರೆ. ಅಷ್ಟು ಸ್ಥಿತಿವಂತರಾಗಿದ್ದರೇ?

ಇರಬಹುದು. ಕೋಟು ಸ್ಟುಡಿಯೊದ್ದೂ ಆಗಿರಬಹುದು. ಹೂದಾನಿ, ಕೆತ್ತನೆಯ ಕುರ್ಚಿ, ಮೇಜಿನ ಮೇಲಿನ ದಪ್ಪ ಪುಸ್ತಕ, ಹಿಂದಿನ ಪರದೆಯ ಮೇಲಿನ ಕಂಬ ಮೆಟ್ಟಿಲುಗಳ ಹಾಗೆಯೇ ಕೋಟು ಟೈಗಳನ್ನೂ ಸ್ಟುಡಿಯೊದವರು ಇಟ್ಟುಕೊಂಡಿರುತ್ತಿದ್ದರು. ತೋಳು ಮಣಿಕಟ್ಟಿಗಿಂತ ಕೆಳಗೆ ಇಳಿದಿದೆಯೇ, ಭುಜ ಜೋತಿದೆಯೇ ನೋಡಿ. ಕಾಲಿನ ಕಡೆ ನೋಡುವುದನ್ನು ಮರೆಯಬೇಡಿ: ಮೇಲೆ ಕೋಟು, ಕೆಳಗೆ ಪಂಚೆ, ಬರಿಗಾಲು ಇದ್ದರೆ ಕಥೆ ಬೇರೆ. ಆ ಫೋಟೊದ ಕೆಲಸವೇ ಊರಿಗೆ "ಚೆನ್ನಾಗಿದ್ದೇನೆ" ಎಂದು ಹೇಳುವುದು. ಗಲ್ಫಿನಿಂದ ಎಪ್ಪತ್ತರ ದಶಕದಲ್ಲಿ ಬಂದ, ಯಾರದೋ ಕಾರಿಗೆ ಒರಗಿ ನಿಂತ ಫೋಟೊಗಳೂ ಇದೇ ಕೆಲಸ ಮಾಡಿದವು.

ರಟ್ಟಿನ ಅಳತೆಯೂ ಕಾಲ ಹೇಳುತ್ತದೆ. ಅಂಗೈಗಿಂತ ಚಿಕ್ಕದಾದ, ಸುಮಾರು ಆರೂವರೆ ಸೆಂಟಿಮೀಟರ್ ಅಗಲ ಹತ್ತು ಸೆಂಟಿಮೀಟರ್ ಎತ್ತರದ ರಟ್ಟು 'ಕಾರ್ಟ್ ದ ವಿಸಿತ್'. ಪ್ಯಾರಿಸ್ಸಿನ ದಿಸ್ದೇರಿ ಅದಕ್ಕೆ ಪೇಟೆಂಟ್ ಪಡೆದದ್ದು 1854ರಲ್ಲಿ. ಅದಕ್ಕಿಂತ ದೊಡ್ಡದಾದ ಕ್ಯಾಬಿನೆಟ್ ಕಾರ್ಡು 1866ರ ಸುಮಾರಿಗೆ ಬಂತು. ಪೋಸ್ಟ್ ಕಾರ್ಡಿನ ಕಾಗದದ ಮೇಲೆಯೇ ಮುದ್ರಿಸಿದ ಮನೆಯವರ ಫೋಟೊಗಳು 1900ರ ನಂತರದವು. ಅವುಗಳ ಬೆನ್ನಿನಲ್ಲಿ ಚೀಟಿ ಅಂಟಿಸುವ ಚೌಕದ ಸುತ್ತ ಕಾಗದ ತಯಾರಿಸಿದವರ ಹೆಸರಿರುತ್ತದೆ. 'ಆಜೋ' ಎಂಬ ಹೆಸರಿದ್ದು, ಚೌಕದ ನಾಲ್ಕು ಮೂಲೆಗಳಲ್ಲೂ ತ್ರಿಕೋನ ಮೇಲ್ಮುಖವಾಗಿದ್ದರೆ ಸಾಮಾನ್ಯವಾಗಿ 1904ರಿಂದ 1918ರ ನಡುವಿನ ಕಾಗದ ಎನ್ನುತ್ತಾರೆ.

ಸೆರಗು ಬಲಭುಜದ ಮೇಲಿದೆ. ಫೋಟೊ ತಿರುವುಮುರುವಾಗಿ ಮುದ್ರಣವಾಗಿದೆಯೇ?

ಅವಸರ ಬೇಡ. ಕೊಡಗಿನ ಉಡುಗೆಯಲ್ಲಿ ನೆರಿಗೆ ಹಿಂದಕ್ಕೆ, ಸೆರಗು ಬಲಭುಜಕ್ಕೆ. ಗುಜರಾತಿ ರೀತಿಯಲ್ಲೂ ಸೆರಗು ಬಲಭುಜದಿಂದ ಮುಂದಕ್ಕೆ ಬರುತ್ತದೆ, ಮತ್ತು ಪೂರ್ವ ಆಫ್ರಿಕಾದ ಪಟ್ಟಣಗಳಲ್ಲಿ ನೆರೆಹೊರೆ ಬಹುಪಾಲು ಗುಜರಾತಿಗಳದ್ದೇ. ಪಕ್ಕದ ಗಂಡಸಿನ ಅಂಗಿಯ ಗುಂಡಿ ಯಾವ ಕಡೆಗಿದೆ, ಹಿಂದೆ ಎಲ್ಲಾದರೂ ಅಕ್ಷರಗಳಿವೆಯೇ ಎಂದು ನೋಡಿ ಆಮೇಲೆ ತೀರ್ಮಾನಿಸಿ.

ಕಾಗದದಲ್ಲಿ ಹೆಸರೇ ಇಲ್ಲ, ಬರಿಯ 'ತೀ||', 'ಚಿ||', 'ಸೌ||' ಎಂದಿದೆ. ಇದರಿಂದ ಏನು ತಿಳಿಯುತ್ತದೆ?

ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ವಿಷಯ ಇನ್ನೆಲ್ಲೂ ಸಿಗದು. 'ತೀರ್ಥರೂಪ' ಎಂದರೆ ಬರೆದವನು ಮಗ ಅಥವಾ ಮಗನ ಸ್ಥಾನದವನು, 'ಮಾತೃಶ್ರೀ' ತಾಯಿಗೆ. 'ಚಿರಂಜೀವಿ' ಎಂದು ಕರೆಸಿಕೊಂಡವರು ಬರೆದವರಿಗಿಂತ ಕಿರಿಯರು. 'ರಾ|| ರಾ||' ಎಂದಿದ್ದರೆ, ಅದು 'ರಾಜಮಾನ್ಯ ರಾಜಶ್ರೀ', ಸಾಮಾನ್ಯವಾಗಿ ರಕ್ತಸಂಬಂಧದ ಹೊರಗಿನ ಗೌರವಸ್ಥರು: ಬೀಗರು, ಯಜಮಾನರು, ಶಾನುಭೋಗರು. 'ಸಾಷ್ಟಾಂಗ ನಮಸ್ಕಾರಗಳು' ಮೇಲಕ್ಕೆ ಹೋಗುತ್ತವೆ, 'ಆಶೀರ್ವಾದಗಳು' ಕೆಳಕ್ಕೆ ಇಳಿಯುತ್ತವೆ. ಒಂದೇ ಕಾಗದದ ಕೊನೆಯಲ್ಲಿ ಯಾರು ಯಾರಿಗೆ ನಮಸ್ಕಾರ, ಯಾರು ಯಾರಿಗೆ ಆಶೀರ್ವಾದ ಎಂಬ ಸಾಲನ್ನು ಬಿಡಿಸಿ ಬರೆದುಕೊಂಡರೆ ಮನೆಯ ವಯಸ್ಸಿನ ಪಟ್ಟಿಯೇ ಸಿದ್ಧ.

ಇನ್ನು ಸ್ತ್ರೀಯರ ಹೆಸರಿನ ಹಿಂದಿನ ಅಕ್ಷರ. 'ಸೌ||', ಎಂದರೆ ಸೌಭಾಗ್ಯವತಿ, ಗಂಡ ಇದ್ದಾರೆ. 'ಗಂ|| ಭಾ||', ಎಂದರೆ ಗಂಗಾಭಾಗೀರಥಿ, ಗಂಡ ತೀರಿಕೊಂಡಿದ್ದಾರೆ. ಒಂದೇ ಹೆಸರಿನ ಹಿಂದೆ 1926ರ ಕಾರ್ಡಿನಲ್ಲಿ 'ಸೌ||', 1929ರದ್ದರಲ್ಲಿ 'ಗಂ|| ಭಾ||' ಇದ್ದರೆ, ಮರಣದ ದಾಖಲೆ ಎಲ್ಲೂ ಸಿಗದ ಮನುಷ್ಯ ಯಾವ ಮೂರು ವರ್ಷಗಳಲ್ಲಿ ಹೋದರು ಎಂದು ಗೊತ್ತಾಯಿತು. ಆ ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ವಂಶಾವಳಿ ಬರೆಯುವವರಿಗೆ ಅದು ಬಿಟ್ಟುಹೋದ ಸಾಕ್ಷಿ.

ಕಾಗದದ ನೆತ್ತಿಯನ್ನೂ ನೋಡಿ. 'ಶ್ರೀ', ಪುಟ್ಟ ಶಿಲುಬೆ, '786': ಬರೆದವರ ಮನೆತನ ಅಲ್ಲೇ ಇದೆ. ನಾಲ್ಕು ಮೂಲೆಯಲ್ಲಿ ಹಳದಿ ಕಲೆ ಇದ್ದರೆ ಅದು ಬೂಸಲು ಎಂದು ಒರೆಸಲು ಹೋಗಬೇಡಿ. ಮದುವೆಯ ಕಾಗದಕ್ಕೆ ಹಚ್ಚಿದ ಅರಿಶಿನ. ಸಾವಿನ ಸುದ್ದಿಯ ಕಾರ್ಡುಗಳು ಮಾತ್ರ ಟ್ರಂಕಿನಲ್ಲಿ ಸಿಗುವುದು ಕಡಿಮೆ. ಓದಿದ ಕೂಡಲೇ ಹರಿದುಹಾಕುವ ರೂಢಿ ಬಹಳ ಮನೆಗಳಲ್ಲಿತ್ತು.

'ಚಿತ್ರಭಾನು ಸಂವತ್ಸರ, ಜ್ಯೇಷ್ಠ ಶುದ್ಧ' ಎಂದಷ್ಟೇ ಇದೆ. ಯಾವ ಇಸವಿ?

ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಚಿತ್ರಭಾನು 1882-83, 1942-43, 2002-03ರಲ್ಲಿ ಬಂತು. ಅಂಚೆಚೀಟಿಯಲ್ಲಿ ಆರನೆಯ ಜಾರ್ಜ್ ಇದ್ದರೆ 1942 ಎಂಬುದರಲ್ಲಿ ಅನುಮಾನವೇ ಉಳಿಯದು. ಎಣಿಕೆಗೆ ಒಂದು ಆಧಾರ ನೆನಪಿಟ್ಟುಕೊಳ್ಳಿ: ಪಟ್ಟಿಯ ಮೊದಲನೆಯದಾದ ಪ್ರಭವ 1927ರ ಯುಗಾದಿಗೆ ಆರಂಭವಾಯಿತು. ಜನವರಿ, ಫೆಬ್ರವರಿಯ ಕಾಗದವಾದರೆ ಯುಗಾದಿ ಇನ್ನೂ ಬಂದಿರುವುದಿಲ್ಲ, ಹಿಂದಿನ ಸಂವತ್ಸರವೇ ನಡೆಯುತ್ತಿರುತ್ತದೆ.

ಲಿಪಿ ಓದಲು ಬರುವುದಿಲ್ಲ. ಯಾರನ್ನು ಕೇಳಬೇಕು?

ಮೊದಲು ಅದು ಯಾವ ಲಿಪಿ ಎಂದು ಗುರುತಿಸಿ. ಎಷ್ಟೋ ಸಲ ಅದು ಕನ್ನಡವೇ. ಲೇಖನಿ ಎತ್ತದೆ, ಅಕ್ಷರ ಬಿಡಿಸದೆ ಓಡಿಸಿ ಬರೆದ ಮೋಡಿ ಕೈಬರಹ. ಹಳೆಯ ಕಂದಾಯದ ಕಡತ ಓದಿ ಅಭ್ಯಾಸವಿರುವ ನಿವೃತ್ತ ಗುಮಾಸ್ತರು ಇದನ್ನು ಲೀಲಾಜಾಲವಾಗಿ ಓದುತ್ತಾರೆ. ಉತ್ತರ ಕರ್ನಾಟಕದಲ್ಲಿ ಮರಾಠಿಯ ಮೋಡಿ ಇರಬಹುದು. ಮಂಗಳೂರಿನ ಕ್ರೈಸ್ತ ಮನೆಗಳ ಕಾಗದ ಕನ್ನಡ ಲಿಪಿಯಲ್ಲಿದ್ದರೂ ಭಾಷೆ ಕೊಂಕಣಿಯಾಗಿರಬಹುದು. ಅರ್ಥವಾಗದಿದ್ದರೆ ಗಟ್ಟಿಯಾಗಿ ಓದಿ, ಮನೆಯ ಹಿರಿಯರಿಗೆ ಕೇಳಿಸಿ.

ಕಾರ್ಡುಗಳು ಒಂದು ವರ್ಷದ ನಂತರ ಇದ್ದಕ್ಕಿದ್ದಂತೆ ನಿಂತಿವೆ. ಜಗಳವಾಗಿರಬಹುದೇ?

ಜಗಳವೂ ಆಗಿರಬಹುದು, ಆಸ್ತಿಯ ವಿಷಯ ಇದ್ದರಂತೂ ಹೆಚ್ಚು. ಆದರೆ ಮೊದಲು ಊರಿನ ಇತಿಹಾಸ ನೋಡಿ. ರಂಗೂನಿನ ಕಾರ್ಡುಗಳು 1942ರ ಆರಂಭದಲ್ಲಿ ನಿಂತರೆ ಕಾರಣ ಹುಡುಕಬೇಕಾಗಿಯೇ ಇಲ್ಲ: ಮಾರ್ಚ್ 8ರಂದು ನಗರ ಜಪಾನಿ ಸೈನ್ಯದ ವಶವಾಯಿತು, ಲಕ್ಷಗಟ್ಟಲೆ ಭಾರತೀಯರು ಅರಾಕಾನಿನ ಕಡೆಯಿಂದ, ಮಣಿಪುರದ ಕಾಡುಗಳಿಂದ ನಡೆದು ಬಂದರು. ಬಂದವರು ತಂದದ್ದು ಮೈಮೇಲಿನ ಬಟ್ಟೆ. ಹಾಗಾಗಿ ಬರ್ಮಾದ ಫೋಟೊಗಳು ಬರ್ಮಾದಿಂದ ಮರಳಿದವರ ಬಳಿ ಇರುವುದಿಲ್ಲ. ಮೊದಲೇ ಅಂಚೆಯಲ್ಲಿ ಅವನ್ನು ಪಡೆದ ಊರಿನವರ ಟ್ರಂಕಿನಲ್ಲಿ ಇರುತ್ತವೆ. ನಿಮ್ಮ ಮನೆಯ ಕಾರ್ಡು ಮರಳಿದವರ ಮೊಮ್ಮಕ್ಕಳಿಗೆ ಅಜ್ಜನ ಒಂದೇ ಒಂದು ಮುಖವಾಗಿರಬಹುದು.

ಕರಾಚಿಯಲ್ಲಿ ಮಂಗಳೂರು, ಗೋವೆಯ ಕ್ರೈಸ್ತ ಕುಟುಂಬಗಳು ಬಹಳವಿದ್ದವು. 1971ರ ಯುದ್ಧದೊಡನೆ ನಿಂತ ಅಂಚೆ ಮತ್ತೆ ಆರಂಭವಾಗಲು 1974ರ ಒಪ್ಪಂದ ಬೇಕಾಯಿತು. ಆ ಮೂರು ವರ್ಷಗಳಲ್ಲಿ ಮನೆ ಬದಲಿಸಿದವರ ವಿಳಾಸ ಕಳೆದೇ ಹೋಯಿತು. ಜಾಂಜಿಬಾರಿನಲ್ಲಿ 1964ರ ಜನವರಿಯ ಕ್ರಾಂತಿ. ಉಗಾಂಡಾದಲ್ಲಿ 1972ರ ಆಗಸ್ಟಿನಲ್ಲಿ ಇದಿ ಅಮೀನ್ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟ. ಕಂಪಾಲಾದ ಕಾಗದ ನಿಂತು ಕೆಲವು ತಿಂಗಳ ಮೇಲೆ ಬ್ರಿಟನ್ನಿನದೋ ಕೆನಡಾದ್ದೋ ಚೀಟಿ ಹೊತ್ತ ಕಾಗದ ಬಂದಿದ್ದರೆ, ಅದೇ ಮನೆಯವರು ಇರಬಹುದು. ಕೈಬರಹ ಹೋಲಿಸಿ ನೋಡಿ.

'ಎಫ್.ಪಿ.ಒ.' ಎಂಬ ಮುದ್ರೆ ಮಾತ್ರ ಇದೆ, ಊರಿನ ಹೆಸರಿಲ್ಲ.

ಅದು ಸೈನ್ಯದ ಅಂಚೆ. ಊರನ್ನು ಬೇಕೆಂದೇ ಮರೆಮಾಡಲಾಗಿದೆ. ಸಂಖ್ಯೆ ಕೊಟ್ಟರೆ ಸೈನಿಕ ಅಂಚೆಯ ಸಂಗ್ರಾಹಕರು ಆ ತಿಂಗಳು ಆ ಕಚೇರಿ ಎಲ್ಲಿತ್ತು ಎಂದು ಹೇಳಬಲ್ಲರು. ಮೈಸೂರಿನ ಮನೆಯಾಗಿದ್ದು, 1914-18ರ ಕಾಲದ್ದಾದರೆ, ಈಜಿಪ್ಟ್ ಅಥವಾ ಪ್ಯಾಲೆಸ್ಟೈನ್ ಕಡೆ ನೋಡಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದವರಲ್ಲಿ ಮೈಸೂರು ಲಾನ್ಸರ್ಸ್ ಇದ್ದರು. ಎರಡನೆಯ ಮಹಾಯುದ್ಧದ ಲಕೋಟೆಗಳ ಅಂಚಿನಲ್ಲಿ ಸೆನ್ಸಾರಿನವರು ತೆರೆದು ಮತ್ತೆ ಅಂಟಿಸಿದ ಪಟ್ಟಿ ಇರುತ್ತದೆ, ಅದನ್ನು ಕೀಳಬೇಡಿ.

ನಮ್ಮ ಆಲ್ಬಮ್ಮಿನಲ್ಲಿ ಜರ್ಮನ್ ಹೆಸರುಗಳಿವೆ. ನಮಗೂ ಅವರಿಗೂ ಏನು ಸಂಬಂಧ?

ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗಿನ ಕಡೆಯವರಾದರೆ ಬಾಸೆಲ್ ಮಿಷನ್, ಸ್ವಿಟ್ಜರ್ಲೆಂಡಿನ ಬಾಸೆಲ್ಲಿನ ಕ್ರೈಸ್ತ ಮಿಷನರಿಗಳ ಸಂಸ್ಥೆ. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಮುದ್ರಣಾಲಯ 1841ರಲ್ಲಿ, ಜೆಪ್ಪುವಿನ ಹೆಂಚಿನ ಕಾರ್ಖಾನೆ 1865ರಲ್ಲಿ. ಮಿಷನರಿಗಳು ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಓದಿಗಾಗಿ ಬಾಸೆಲ್ಲಿಗೆ ಕಳಿಸುತ್ತಿದ್ದರು. ಹೀಗಾಗಿ ಅವರ ಮನೆಗಳು ಕೂಡ ಫೋಟೊ ಮತ್ತು ಕಾಗದಗಳ ಮೇಲೆಯೇ ನಡೆದವು: ಇಲ್ಲಿನ ಅಂಗಳದಲ್ಲಿ ತೆಗೆಸಿದ ಚಿತ್ರ ಅಲ್ಲಿ ಬೆಳೆಯುವ ಮಗುವಿಗೆ. ಜರ್ಮನ್ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಂದೆ ಮಂಗಳೂರಿನಲ್ಲಿ ಕೆಲಸ ಮಾಡಿದವರು. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಅಹಮದ್‌ನಗರದಲ್ಲಿ ಬಂಧನದಲ್ಲಿಟ್ಟು, 1915-16ರಲ್ಲಿ 'ಗೋಲ್ಕೊಂಡಾ' ಹಡಗಿನಲ್ಲಿ ಮರಳಿ ಕಳಿಸಿದರು. ಬೀಳ್ಕೊಡುಗೆಯ ಗುಂಪುಚಿತ್ರಗಳು ಆ ಹೊತ್ತಿನವಾಗಿರಬಹುದು. ಮಿಷನ್ನಿನ ಬಾಸೆಲ್ ಸಂಗ್ರಹದ ಚಿತ್ರಗಳನ್ನು ಅಂತರ್ಜಾಲದಲ್ಲಿ ನೋಡಬಹುದು. ಹುಡುಕುವಾಗ ಊರಿನ ಹಳೆಯ ಕಾಗುಣಿತ ಬಳಸಿ. ಮಡಿಕೇರಿ ಸಿಗದಿದ್ದರೆ ಮರ್ಕಾರಾ ಎಂದು ಹಾಕಿ. ಅಲ್ಲಿ ಯುರೋಪಿನವರಿಗೆಲ್ಲ ಹೆಸರಿರುತ್ತದೆ, ನಮ್ಮವರು ಹೆಚ್ಚಾಗಿ 'ನೇಕಾರರು', 'ಶಾಲೆಯ ಹುಡುಗಿಯರು' ಎಂದಷ್ಟೇ ಇರುತ್ತಾರೆ. ಅದೇ ಫೋಟೊದ ಇನ್ನೊಂದು ಪ್ರತಿ ನಿಮ್ಮ ಮನೆಯಲ್ಲಿದ್ದು, ಬೆನ್ನಿನ ಮೇಲೆ ಹೆಸರುಗಳಿದ್ದರೆ ದಯವಿಟ್ಟು ಅವರಿಗೆ ತಿಳಿಸಿ.

ಆಚೆ ದೇಶದಲ್ಲಿರುವ ನೆಂಟರನ್ನು ಹುಡುಕುವುದು ಹೇಗೆ?

ಮುಖ ಹಿಡಿದು ಹುಡುಕಬೇಡಿ, ವಿಳಾಸ ಹಿಡಿದು ಹುಡುಕಿ. ಕಾರ್ಡಿನ ಮೇಲಿನ ಪೋಸ್ಟ್ ಬಾಕ್ಸ್ ಸಂಖ್ಯೆ, ಕಂಪನಿಯ ಹೆಸರು, ಬೀದಿ, ಇವು ಮುಖಕ್ಕಿಂತ ಬೇಗ ದಾರಿ ತೋರಿಸುತ್ತವೆ. ಕೀನ್ಯಾದ ಸರ್ಕಾರಿ ಗೆಜೆಟ್ 1899ರಿಂದ ಹೊರಡುತ್ತಿದ್ದು, ಹಳೆಯ ಸಂಚಿಕೆಗಳನ್ನು ಅಂತರ್ಜಾಲದಲ್ಲಿ ಓದಬಹುದು. ನೇಮಕ, ಪರವಾನಗಿ, ತೀರಿಕೊಂಡವರ ಆಸ್ತಿಯ ಪ್ರಕಟಣೆಗಳಲ್ಲಿ ಭಾರತೀಯರ ಹೆಸರು ರಾಶಿ ಇವೆ. ಬರ್ಮಾಕ್ಕೆ ಹಳೆಯ ಥ್ಯಾಕರ್ಸ್ ಡೈರೆಕ್ಟರಿ ನೋಡಿ. ಕೊಂಕಣಿ ಕ್ರೈಸ್ತರಿಗೆ ಇಗರ್ಜಿಯ ಜ್ಞಾನಸ್ನಾನದ ದಾಖಲೆಗಳು, ಜೊತೆಗೆ 1912ರಲ್ಲಿ ಆರಂಭವಾದ 'ಕೊಂಕಣಿ ದಿರ್ವೆಂ', 1938ರ 'ರಾಕ್ಣೊ' ಪತ್ರಿಕೆಗಳ ಹಳೆಯ ಸಂಚಿಕೆಗಳು. ಘಟ್ಟದ ಮೇಲಿನ ರೈತ ಮನೆತನಗಳಿಗೆ ವಂಶಾವಳಿ ಬರೆದಿಟ್ಟು ಹೇಳುವ ಹೆಳವರಿದ್ದಾರೆ. ಅವರ ಪುಸ್ತಕದಲ್ಲಿ ಊರು ಬಿಟ್ಟುಹೋದ ಕವಲು ಎಲ್ಲಿ ಕವಲೊಡೆಯಿತು ಎಂಬುದು ಸಿಗಬಹುದು. ಬಂದಾಗ ಬರಿಗೈಯಲ್ಲಿ ಕಳಿಸಬೇಡಿ.

ಸಂಪರ್ಕ ಸಿಕ್ಕ ಮೇಲೆ ಮೊದಲ ಪತ್ರದಲ್ಲೇ ಜಾಗದ ಪಹಣಿ, ಪಾಲು ಎಂದು ಎತ್ತಬೇಡಿ. ಆಚೆಯವರಿಗೆ ಇರುವ ದೊಡ್ಡ ಭಯ ಅದೇ. ಒಂದು ಫೋಟೊ, ಅದರ ಬೆನ್ನಿನ ಚಿತ್ರ, ನೀವು ಯಾರ ಕಡೆಯವರು ಎಂಬ ಎರಡು ಸಾಲು ಸಾಕು.

ಮಳೆಗಾಲದಲ್ಲಿ ಬೂಸಲು ಬರುತ್ತಿದೆ. ಏನು ಮಾಡಲಿ?

ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿಸಿಲಿಗೂ ಹಾಕಬೇಡಿ. ಬೂಸಲು ಹಿಡಿದವನ್ನು ಮೊದಲು ಉಳಿದವುಗಳಿಂದ ಬೇರೆ ಮಾಡಿ, ನೆರಳಿನಲ್ಲಿ ಗಾಳಿಗೆ ಒಣಗಲು ಬಿಟ್ಟು, ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಮನೆಯ ಹೊರಗೆ ಜಾಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ನುಸಿಗುಳಿಗೆ ಫೋಟೊಕ್ಕೆ ತಾಗಬಾರದು. ಲ್ಯಾಮಿನೇಷನ್, ಸೆಲ್ಲೋಟೇಪ್ ಎರಡೂ ಬೇಡವೇ ಬೇಡ. ಎಂಬತ್ತರ ದಶಕದ ಅಂಟು ಹಾಳೆಯ ಆಲ್ಬಮ್ಮುಗಳಿಂದ ಬಣ್ಣದ ಫೋಟೊಗಳನ್ನು ಹಲ್ಲಿನ ಸಂದಿ ಶುಚಿ ಮಾಡುವ ನೂಲಿನಿಂದ ನಿಧಾನವಾಗಿ ಬಿಡಿಸಬಹುದು. ಬಾರದಿದ್ದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿ ಬಿಟ್ಟುಬಿಡಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊಕ್ಕೂ ಇದೇ ಮಾತು: ಕೀಳಬೇಡಿ, ಗಾಜಿನ ಮೇಲಿಂದಲೇ ಪ್ರತಿ ತೆಗೆಯಿರಿ.

ಹೆಸರು ಬರೆಯುವುದು ಎಲ್ಲಿ, ಯಾವುದರಿಂದ?

ಬೆನ್ನಿನ ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಿಂದ, ಗಟ್ಟಿ ಮೇಜಿನ ಮೇಲೆ ಇಟ್ಟು, ಒತ್ತದೆ. ಬಾಲ್ ಪೆನ್ನು ಮುಂದೆ ಉಬ್ಬುತ್ತದೆ. ಪೆನ್ಸಿಲ್ ಹಿಡಿಯದ ಹೊಸ ಕಾಗದದ ಫೋಟೊಗಳಾದರೆ ಲಕೋಟೆಯ ಮೇಲೆ ಬರೆಯಿರಿ, ಫೋಟೊ ಒಳಗೆ ಇಡುವ ಮೊದಲು.

ಸ್ಕ್ಯಾನ್ ಹೇಗಿರಬೇಕು? ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದೇ?

600 ಡಿಪಿಐ, ಟಿಫ್ ರೂಪ, ಎರಡೂ ಬದಿ. ತೀರಾ ಚಿಕ್ಕ ಫೋಟೊಗೆ 1200. ಕಪ್ಪು ಬಿಳುಪಿನದ್ದನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಲೆ ಯಾವುದು, ಶಾಯಿ ಯಾವುದು ಎಂದು ತಿಳಿಯುತ್ತದೆ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿ. ಅಕ್ಷರ ಅಳಿಸಿದ ಕಾರ್ಡನ್ನು ಒಂದು ಬದಿಯಿಂದ ಓರೆಯಾಗಿ ಟಾರ್ಚು ಹಿಡಿದು ಚಿತ್ರ ತೆಗೆದರೆ ಪೆನ್ಸಿಲಿನ ಒತ್ತು ಎದ್ದು ಕಾಣುತ್ತದೆ. ಹೀಗೆ ನೋಡಿದಾಗ ರಂಗೂನಿನ ಬೀದಿಯೊಂದರ ಅಚ್ಚಿನ ಕಾರ್ಡಿನಲ್ಲಿ ಎರಡನೆಯ ಮಹಡಿಯ ಕಿಟಕಿಯ ಮೇಲೆ ಒಂದು ಇಂಟು ಗುರುತು, ಪಕ್ಕದಲ್ಲಿ ಸಣ್ಣದಾಗಿ 'ನಮ್ಮ ಕೋಣೆ' ಎಂದಿದ್ದದ್ದು ಕಂಡಿತ್ತು. ಬರಿಗಣ್ಣಿಗೆ ಅದು ಕಿಟಕಿಯ ಸರಳು.

ಆ್ಯಪಿನಲ್ಲಿ ಬಣ್ಣ ತುಂಬಿಸಬಹುದೇ?

ಮಕ್ಕಳಿಗೆ ತೋರಿಸಲು ಆಗಬಹುದು. ಆದರೆ ಅಜ್ಜಿಯ ಸೀರೆಗೆ ಅದು ಕೊಟ್ಟ ಬಣ್ಣ ಊಹೆ. ಬಣ್ಣ ತುಂಬಿದ ಪ್ರತಿಗೆ ಬೇರೆ ಹೆಸರು ಕೊಟ್ಟು ಉಳಿಸಿ. ಮುಖ 'ಸ್ಪಷ್ಟ' ಮಾಡುವ ಆ್ಯಪುಗಳು ಇಲ್ಲದ ಕಣ್ಣು ಮೂಗನ್ನು ತಾವೇ ಬರೆಯುತ್ತವೆ. ಗುರುತು ಹಿಡಿಯುವ ಕೆಲಸಕ್ಕೆ ಅವು ಕೂಡದು.

ಕುರ್ಚಿಯಲ್ಲಿ ಕುಳಿತ ಹಿರಿಯರ ಕಣ್ಣು ಮುಚ್ಚಿದೆ, ಹಾರ ಇದೆ. ಇದು…?

ಹೌದು, ತೀರಿಕೊಂಡ ಮೇಲೆ ತೆಗೆಸಿದ್ದಿರಬಹುದು. ಲಿಂಗಾಯತರಲ್ಲಿ ಶರೀರವನ್ನು ಕುಳ್ಳಿರಿಸುವ ಸಂಪ್ರದಾಯವಿದೆ. ಬೇರೆ ಮನೆಗಳಲ್ಲೂ, ದೂರದ ಮಗನಿಗೆ ಕೊನೆಯ ದರ್ಶನ ಸಿಗಲೆಂದು ಇಂಥ ಫೋಟೊ ಕಳಿಸುತ್ತಿದ್ದರು. ಕುಟುಂಬದ ಗುಂಪಿನಲ್ಲಿ ಹಂಚುವ ಮೊದಲು ಅವರ ಮಕ್ಕಳನ್ನು ಒಂದು ಮಾತು ಕೇಳಿ.

ಅಸಲು ಯಾರ ಬಳಿ ಇರಬೇಕು?

ಪಾಲು ಮಾಡಿ ಹಂಚಬೇಡಿ, ಕಾರ್ಡು ಒಬ್ಬರಿಗೆ ಲಕೋಟೆ ಒಬ್ಬರಿಗೆ ಆದರೆ ಎರಡೂ ಮೂಕವಾಗುತ್ತವೆ. ಹಿರಿಯ ಮಗನ ಮನೆ ಎಂಬ ನಿಯಮವೂ ಬೇಡ. ಸೋರದ ಮಾಡು ಮತ್ತು ಆಸಕ್ತಿ ಇರುವ ಮನೆ ನೋಡಿ, ಅದು ಮಗಳ ಮನೆಯಾದರೂ ಸರಿ. ಪ್ರತಿಗಳು ಎಲ್ಲರಿಗೂ, ಒಂದು ಪ್ರತಿ ಬೇರೆ ಊರಿನಲ್ಲಿ. ಹಳೆಯ ಚೀಟಿಗಳಿಗೆ ಬೆಲೆ ಬರುತ್ತದೆ ಎಂದು ಯಾರಾದರೂ ಕಾರ್ಡು ಕೊಳ್ಳಲು ಬಂದರೆ ಎರಡೂ ಬದಿ ಸ್ಕ್ಯಾನ್ ಆಗುವವರೆಗೆ ಕಾಯಲು ಹೇಳಿ. ಎಲ್ಲಿ ಏನಿದೆ ಎಂಬ ಪಟ್ಟಿಯನ್ನು ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿ. ಕಂಪ್ಯೂಟರಿನಲ್ಲಿ ಮಾತ್ರ ಇಟ್ಟರೆ ಪಾಸ್‌ವರ್ಡ್ ಗೊತ್ತಿರುವವರು ಒಬ್ಬರೇ ಆಗಿರುತ್ತಾರೆ.